ಮನಸ್ಸು ಮಾಡಿದ್ರೆ ನಾನೂ ಮಾಡ್ತಿದ್ದೆ

ಮೊನ್ನೆ ಮಾತಾಡಿದ್ದನ್ನ ಬರೆದು ಕೊಡಿ ಅಂತ ಸುಮಾರು ಜನ ಕೇಳಿದ್ರು. ನೋಟ್ಸು, ರೆಕಾರ್ಡಿಂಗು ಎರಡೂ ಇಟ್ಕೊಂಡು ಕೂತು ಟೈಪ್ ಮಾಡಿದೀನಿ. ಮಾತಿನ ಧಾಟೀನ ತಿದ್ದೋಕೆ ಹೋಗಿಲ್ಲ, ಅವತ್ತು ಟೈಮ್ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯ ಮಾತ್ರ ಸೇರಿಸಿದೀನಿ.

ಎಲ್ರಿಗೂ ನಮಸ್ಕಾರ. ಇವತ್ತು ನಾನು ಮಾತಾಡೋದು ಒಂದು ವಾಕ್ಯದ ಬಗ್ಗೆ. “ಮನಸ್ಸು ಮಾಡಿದ್ರೆ ನಾನೂ ಮಾಡ್ತಿದ್ದೆ.” ಇದನ್ನ ನೀವೂ ಎಲ್ಲೋ ಒಂದ್ಸಲ ಹೇಳಿರ್ತೀರಿ, ಬಾಯಿಬಿಟ್ಟು ಹೇಳದಿದ್ರೂ ಒಳಗೊಳಗೇ ಅಂದ್ಕೊಂಡಿರ್ತೀರಿ. ನಾನಂತೂ ವರ್ಷಗಟ್ಲೆ ಹೇಳ್ಕೊಂಡು ಬಂದಿದೀನಿ, ಅದಕ್ಕೇ ಇದರ ಬಗ್ಗೆ ಮಾತಾಡೋಕೆ ಒಪ್ಕೊಂಡಿದ್ದು.

ಕೆಲವು ವರ್ಷದ ಹಿಂದೆ ನಾನು ಒಂದು ಸ್ಕಾಲರ್‌ಶಿಪ್‌ಗೆ ಅಪ್ಲಿಕೇಶನ್ ಹಾಕಿದ್ದೆ. ಸುಮ್ನೆ ಹಾಕಿ ನೋಡೋಣ ಅನ್ನೋ ಥರದ್ದಲ್ಲ ಅದು, ನಂಗೆ ನಿಜವಾಗ್ಲೂ ಬೇಕಾಗಿತ್ತು. ಮೂರು ತಿಂಗಳು ಟೈಮ್ ಇತ್ತು, ಮೂರು ತಿಂಗಳೂ ದಿನಾ ಅದನ್ನೇ ಯೋಚನೆ ಮಾಡಿದೀನಿ, ಒಂದು ಸಾಲು ಬರೀಲಿಲ್ಲ. ಲಾಸ್ಟ್ ಡೇಟ್ ದಿನ ಬೆಳಿಗ್ಗೆ ಎದ್ದು ಬೀರು ಖಾಲಿ ಮಾಡಿ ಜೋಡಿಸೋಕೆ ಶುರು ಮಾಡಿದೆ, ಆಮೇಲೆ ಹಳೇ ಫೋಟೋ ಎಲ್ಲ ತೆಗೆದು ಸಾಲಾಗಿಟ್ಟೆ, ಕೊನೆಗೆ ರಾತ್ರಿ 10 ಗಂಟೆಗೆ ಕೂತು ಹನ್ನೆರಡಾಗೋಕೆ ಇನ್ನೆರಡು ನಿಮಿಷ ಇದೆ ಅನ್ನುವಾಗ ಕಳಿಸಿದೆ. ಸಿಗ್ಲಿಲ್ಲ. ಸಿಗದೇ ಇದ್ದಿದ್ದು ನಂಗೀಗ ಅಷ್ಟು ನೆನಪಿಲ್ಲ, ಆ ಮೇಲ್ ಓದಿದ ತಕ್ಷಣ ಆಗಿದ್ದೇನು ಅನ್ನೋದು ಚೆನ್ನಾಗಿ ನೆನಪಿದೆ. ದುಃಖ ಬರೋಕೆ ಮುಂಚೆ ಒಂದು ಸಮಾಧಾನ ಬಂತು. ಎರಡು ಗಂಟೇಲಿ ಗೀಚಿದ್ದಲ್ವಾ, ಮನಸ್ಸಿಟ್ಟು ಬರೆದಿದ್ರೆ ಸಿಕ್ತಿತ್ತು ಬಿಡು, ಅಂತ. ಆ ಸಮಾಧಾನ ನೋಡಿ ನಂಗೇ ಭಯ ಆಯ್ತು. ಸೋತವಳಿಗೆ ಸಮಾಧಾನ ಎಲ್ಲಿಂದ ಬರತ್ತೆ? ಯಾವುದೋ ಒಂದನ್ನ ಉಳಿಸ್ಕೊಂಡಿದ್ರೆ ತಾನೇ ಸಮಾಧಾನ? ಹಾಗಾದ್ರೆ ನಾನು ಉಳಿಸ್ಕೊಂಡಿದ್ದು ಏನನ್ನ?

ಇದಕ್ಕೆ ಉತ್ತರ ಹುಡುಕ್ತಾ ಹೋದಾಗ ಮೊದಲು ಸಿಕ್ಕಿದ್ದು 1978ರ ಒಂದು ಪ್ರಯೋಗ. ಮಾಡಿದ್ದು ಸ್ಟೀವನ್ ಬರ್ಗ್ಲಾಸ್ ಮತ್ತು ಎಡ್ವರ್ಡ್ ಜೋನ್ಸ್ ಅನ್ನೋ ಮನಶ್ಶಾಸ್ತ್ರಜ್ಞರು. ಕಾಲೇಜ್ ವಿದ್ಯಾರ್ಥಿಗಳಿಗೆ ಬುದ್ಧಿಗೆ ಸಂಬಂಧಪಟ್ಟ ಒಂದಷ್ಟು ಪ್ರಶ್ನೆ ಕೊಟ್ರು. ಕೆಲವರಿಗೆ ಕೊಟ್ಟಿದ್ದು ಬಿಡಿಸೋಕಾಗೋ ಪ್ರಶ್ನೆಗಳು, ಇನ್ನು ಕೆಲವರಿಗೆ ಕೊಟ್ಟಿದ್ರಲ್ಲಿ ಬಹಳಷ್ಟಕ್ಕೆ ಉತ್ತರಾನೇ ಇರ್ಲಿಲ್ಲ, ಸುಮ್ನೆ ಊಹೆ ಮೇಲೆ ಟಿಕ್ ಮಾಡ್ಬೇಕಿತ್ತು. ಆದ್ರೆ ಮುಗಿದ ಮೇಲೆ ಎರಡೂ ಕಡೆಯವರಿಗೂ ಹೇಳಿದ್ದು ಒಂದೇ ಮಾತು, ನೀವು ತುಂಬ ಚೆನ್ನಾಗಿ ಮಾಡಿದೀರಿ ಅಂತ. ಆಮೇಲೆ ಇನ್ನೊಂದು ಟೆಸ್ಟ್ ಇದೆ, ಅದಕ್ಕೆ ಮುಂಚೆ ಎರಡು ಔಷಧೀಲಿ ಒಂದನ್ನ ಆರಿಸ್ಕೊಳ್ಳಿ ಅಂದ್ರು. ಒಂದು ಬುದ್ಧಿ ಚುರುಕು ಮಾಡತ್ತೆ, ಇನ್ನೊಂದು ಮಂಕು ಮಾಡತ್ತೆ ಅಂತ ಮೊದಲೇ ತಿಳಿಸಿದ್ರು. ಉತ್ತರವಿಲ್ಲದ ಪ್ರಶ್ನೆಗಳ ಮೇಲೆ ಹೊಗಳಿಸ್ಕೊಂಡಿದ್ದ ಹುಡುಗರು ಹೆಚ್ಚಾಗಿ ಆರಿಸ್ಕೊಂಡಿದ್ದು ಮಂಕು ಮಾಡೋ ಔಷಧೀನ. (ಹುಡುಗೀರಲ್ಲಿ ಇದು ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ.)

ಯಾಕೆ ಅಂತ ಒಂದ್ನಿಮಿಷ ಯೋಚನೆ ಮಾಡಿ. ಆ ಹುಡುಗನಿಗೆ ತಾನು ಹೇಗೆ ಗೆದ್ದೆ ಅನ್ನೋದೇ ಗೊತ್ತಿಲ್ಲ. ಎರಡನೇ ಸಲ ಅದೇ ಥರ ಮಾಡೋಕಾಗತ್ತೆ ಅನ್ನೋ ನಂಬಿಕೆ ಇಲ್ಲ, ಆದ್ರೆ ಜಾಣ ಅನ್ನೋ ಹೆಸರು ಮಾತ್ರ ಬಂದ್ಬಿಟ್ಟಿದೆ. ಈಗ ಮಂಕು ಮಾಡೋ ಔಷಧಿ ತಗೊಂಡ್ರೆ ಸೋತಾಗ ಔಷಧೀದು ತಪ್ಪು, ಗೆದ್ದುಬಿಟ್ರೆ ನೋಡಿ ಅಂಥ ಔಷಧಿ ತಗೊಂಡೂ ಗೆದ್ದ ಅಂತ ಇನ್ನೂ ದೊಡ್ಡ ಹೆಸರು. ಎರಡೂ ಕಡೆ ಅವನ ಹೆಸರಿಗೆ ಪೆಟ್ಟಿಲ್ಲ. ಪೆಟ್ಟು ಬೀಳೋದು ಕೆಲಸಕ್ಕೆ ಮಾತ್ರ.

ನಮ್ಮಲ್ಲಿ ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ ಅಂತ ಗಾದೆ ಇದೆಯಲ್ಲ, ಅದು ಸೋತ ಮೇಲೆ ಹೇಳೋ ನೆಪದ ಬಗ್ಗೆ. ಇಲ್ಲಿ ನಡೀತಿರೋದು ಅದಕ್ಕಿಂತ ಒಂದು ಹೆಜ್ಜೆ ಮುಂದೆ, ಕುಣಿಯೋ ಹಿಂದಿನ ರಾತ್ರಿ ನಾವೇ ಹಾರೆ ಗುದ್ದಲಿ ತಗೊಂಡು ಹೋಗಿ ನೆಲ ಅಗೆದಿಟ್ಟು ಬರ್ತೀವಿ. ಇಂಟರ್ವ್ಯೂ ಹಿಂದಿನ ರಾತ್ರಿ ಎರಡು ಗಂಟೆವರೆಗೂ ಫೋನ್ ನೋಡೋದು, ಎಕ್ಸಾಮ್ ವಾರದಲ್ಲೇ ಇನ್ನೊಬ್ರ ಕೆಲಸ ಮೈಮೇಲೆ ಎಳ್ಕೊಳ್ಳೋದು, ಸ್ಟೇಜ್ ಹತ್ತೋ ಮುಂಚೆ ಪ್ರಾಕ್ಟೀಸೇ ಮಾಡಿಲ್ಲಪ್ಪ ಅಂತ ನಾಲ್ಕು ಜನಕ್ಕೆ ಕೇಳೋ ಹಾಗೆ ಹೇಳೋದು. ನಾನು ಲಾಸ್ಟ್ ಡೇಟ್ ದಿನ ಬೀರು ಜೋಡಿಸಿದ್ದು ಇದೇ. ಅವತ್ತು ನಾನು ಉಳಿಸ್ಕೊಂಡಿದ್ದು ಆ ವಾಕ್ಯಾನ, ಮನಸ್ಸು ಮಾಡಿದ್ರೆ ಮಾಡ್ತಿದ್ದೆ ಅನ್ನೋದನ್ನ. ಆ ವಾಕ್ಯ ಸುಳ್ಳು ಅಂತ ಯಾರೂ ತೋರಿಸೋಕಾಗಲ್ಲ, ನಾನು ಮನಸ್ಸು ಮಾಡದೇ ಇರೋವರೆಗೂ. ಅದನ್ನ ಜೀವಂತ ಇಡೋಕೆ ನಾನು ಕೊಡ್ಬೇಕಾಗಿರೋ ಬೆಲೆ ಕೂಡ ಅದೇ, ಯಾವತ್ತೂ ಯಾವುದಕ್ಕೂ ಪೂರ್ತಿ ಮನಸ್ಸು ಮಾಡಬಾರದು.

ಈ ಪ್ರಯೋಗದಲ್ಲಿ ಜನ ಸಾಮಾನ್ಯವಾಗಿ ಗಮನಿಸದೇ ಬಿಡೋ ಒಂದು ವಿಷಯ ಇದೆ, ನಂಗೆ ಅದೇ ಮುಖ್ಯ ಅನ್ಸತ್ತೆ. ಆ ಹುಡುಗರನ್ನ ಹೆದರಿಸಿದ್ದು ಸೋಲಲ್ಲ, ಅವರು ಸೋತೇ ಇರ್ಲಿಲ್ಲ. ಹೆದರಿಸಿದ್ದು ಹೊಗಳಿಕೆ. ತನ್ನದು ಅಂತ ಅನ್ನಿಸದ ಹೊಗಳಿಕೆ. ನಾವೆಲ್ಲ ಏನಂದ್ಕೊಂಡಿದೀವಿ, ಬೈಸ್ಕೊಂಡು ಬೆಳೆದವರು ಹಿಂಜರೀತಾರೆ, ಹೊಗಳಿಸ್ಕೊಂಡು ಬೆಳೆದವರು ನುಗ್ತಾರೆ ಅಂತ. ಬೈಗುಳದಿಂದ ಮುದುಡಿದವರು ಇದ್ದಾರೆ, ಇಲ್ಲ ಅಂತಿಲ್ಲ. ಆದ್ರೆ ಕ್ಲಾಸಿಗೇ ಜಾಣೆ, ಮನೆಗೇ ಬುದ್ಧಿವಂತ ಅನ್ನಿಸ್ಕೊಂಡು ಬೆಳೆದು, ಮೂವತ್ತರ ಹೊತ್ತಿಗೆ ಯಾವುದಕ್ಕೂ ಕೈ ಹಾಕದೆ ಕೂತವರನ್ನ ನಾನು ಎಷ್ಟೋ ಜನ ನೋಡಿದೀನಿ. ಆ ಹೆಸರು ಅವರ ತಲೆ ಮೇಲಿಟ್ಟ ತುಂಬಿದ ಕೊಡ ಇದ್ದ ಹಾಗೆ, ಅಲ್ಲಾಡಿದ್ರೆ ಚೆಲ್ಲತ್ತೆ, ಅದಕ್ಕೇ ಅಲ್ಲಾಡಲ್ಲ.

ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟ ಮಾಡಿದ ಅಧ್ಯಯನ ಇದನ್ನ ಮಕ್ಕಳಲ್ಲೇ ತೋರಿಸ್ತು. ಐದನೇ ಕ್ಲಾಸಿನ ಮಕ್ಕಳಿಗೆ ಒಂದಷ್ಟು ಪಝಲ್ ಕೊಟ್ಟು, ಮುಗಿದ ಮೇಲೆ ಕೆಲವರಿಗೆ ನೀನು ಜಾಣ ಇರ್ಬೇಕು ಅಂದ್ರು, ಕೆಲವರಿಗೆ ನೀನು ಕಷ್ಟಪಟ್ಟು ಮಾಡಿರ್ಬೇಕು ಅಂದ್ರು. ಇಷ್ಟೇ, ಒಂದು ವಾಕ್ಯದ ವ್ಯತ್ಯಾಸ. ಆಮೇಲೆ ಮುಂದಿನ ಪಝಲ್ ನೀವೇ ಆರಿಸ್ಕೊಳ್ಳಿ ಅಂದಾಗ ಜಾಣ ಅನ್ನಿಸ್ಕೊಂಡ ಮಕ್ಕಳು ಹೆಚ್ಚಾಗಿ ತಮ್ಮ ಜಾಣತನ ಕಾಣೋ ಅಂಥ ಸೇಫ್ ಪಝಲ್ ಕಡೆ ಹೋದ್ರು, ಕಷ್ಟಪಟ್ಟೆ ಅನ್ನಿಸ್ಕೊಂಡವರು ಹೆಚ್ಚಾಗಿ ಹೊಸದೇನಾದ್ರೂ ಕಲಿಯೋಕೆ ಸಿಗೋ ಪಝಲ್ ಕೇಳಿದ್ರು. ಮಧ್ಯದಲ್ಲಿ ತುಂಬ ಕಷ್ಟದ ಪಝಲ್ ಕೊಟ್ಟು ಸೋಲಿಸಿದಾಗ ಜಾಣ ಮಕ್ಕಳಿಗೆ ಆಟದ ಮೇಲಿನ ಆಸೇನೇ ಕಮ್ಮಿ ಆಯ್ತು. ಕೊನೇಲಿ ಇನ್ನೊಂದು ಶಾಲೆಯ ಮಗುವಿಗೆ ತಿಳಿಸೋಕೆ ಅಂತ ತಮ್ಮ ಮಾರ್ಕ್ಸ್ ಬರೀರಿ ಅಂದ್ರೆ, ಜಾಣ ಅನ್ನಿಸ್ಕೊಂಡವರಲ್ಲೇ ಜಾಸ್ತಿ ಮಕ್ಕಳು ಸುಳ್ಳು ಮಾರ್ಕ್ಸ್ ಬರೆದ್ರು. ಪಾಪ, ಕಾಣದ ಮಗುವಿನ ಮುಂದೆ ಕೂಡ ಆ ಹೆಸರು ಕಾಪಾಡ್ಕೋಬೇಕಾಯ್ತು ಅವಕ್ಕೆ. ಈ ವಿಚಾರ ಇಟ್ಕೊಂಡು ಆಮೇಲೆ ಶಾಲೆಗಳಲ್ಲಿ ದೊಡ್ಡ ಮಟ್ಟದಲ್ಲಿ ಮಾಡಿದ ಪ್ರಯೋಗಗಳಲ್ಲಿ ಮಾರ್ಕ್ಸ್ ಮೇಲೆ ಆದ ಲಾಭ ಸಣ್ಣದೇ, ಹಾಗಾಗಿ ಹೊಗಳೋ ರೀತಿ ಬದಲಾಯಿಸಿದ್ರೆ ಬದುಕೇ ಬದಲಾಗತ್ತೆ ಅಂತೆಲ್ಲ ನಾನು ಹೇಳಲ್ಲ. ಆದ್ರೆ ಒಂದು ಹೆಸರು ಮೈಗೆ ಅಂಟಿದಾಗ ಮನುಷ್ಯ ಅದರ ಕಾವಲಿಗೆ ಕೂರ್ತಾನೆ ಅನ್ನೋದನ್ನ ನಾನು ನನ್ನಲ್ಲೇ ಕಂಡಿದೀನಿ.

ಅದೇ 1978ರಲ್ಲೇ ಪೌಲೀನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಬೇರೆ ಕಡೆಯಿಂದ ಇದೇ ಜಾಗಕ್ಕೆ ಬಂದ್ರು. ಅವರು ಮಾತಾಡಿಸಿದ್ದು ಓದು, ಕೆಲಸ ಎರಡರಲ್ಲೂ ಮೇಲೆ ಬಂದಿದ್ದ 150ಕ್ಕೂ ಹೆಚ್ಚು ಹೆಂಗಸರನ್ನ. ಡಿಗ್ರಿ ಇದೆ, ಹೆಸರಿದೆ, ಆದ್ರೂ ಒಳಗೆ ನಾನು ಇಲ್ಲಿರೋಕೆ ಲಾಯಕ್ಕಲ್ಲ, ಏನೋ ಅದೃಷ್ಟ, ಇವತ್ತಲ್ಲ ನಾಳೆ ಸಿಕ್ಕಿಬೀಳ್ತೀನಿ ಅನ್ನೋ ಭಯ. ಇವತ್ತು ಇಂಪಾಸ್ಟರ್ ಸಿಂಡ್ರೋಮ್ ಅಂತ ಎಲ್ಲರ ಬಾಯಲ್ಲೂ ಇರೋದು ಇದೇ, ಅವರು ಮಾತ್ರ ಸಿಂಡ್ರೋಮ್ ಅಂತ ಕರೀಲಿಲ್ಲ, ಅದೊಂದು ಕಾಯಿಲೆ ಅಂತ ಅವರು ಹೇಳಿರ್ಲಿಲ್ಲ. ಈ ಭಯ ಇರೋರು ಪ್ರಮೋಷನ್ ಬಂದಾಗ ಮೊದಲು ಕೇಳೋದು ನನಗಿಂತ ಸೀನಿಯರ್ ಯಾರೂ ಇಲ್ವಾ ಅಂತ.

ಇಲ್ಲಿವರೆಗೂ ಹೇಳಿದ್ದು ಸೋಲಿನ ಕಡೆಯ ಭಯ. ಗೆಲುವಿನ ಕಡೆಯಿಂದಾನೂ ಒಂದು ಭಯ ಇದೆ, ಅದನ್ನ ಜನ ಅಷ್ಟು ಸುಲಭವಾಗಿ ಒಪ್ಕೊಳ್ಳಲ್ಲ. ಗೆಲ್ಲೋಕೆ ಯಾರಾದ್ರೂ ಹೆದರ್ತಾರೇನ್ರಿ ಅಂತಾರೆ. ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ 1916ರಲ್ಲೇ ಗೆಲುವಿನಿಂದಲೇ ಕುಸಿದು ಹೋದವರ ಬಗ್ಗೆ ಬರೆದಿದ್ದ. ಅದರಲ್ಲಿ ಒಬ್ಬ ಅಧ್ಯಾಪಕ, ತನ್ನ ಗುರುವಿನ ಸ್ಥಾನ ಸಿಗ್ಬೇಕು ಅಂತ ವರ್ಷಗಟ್ಲೆ ಆಸೆ ಪಟ್ಟವನು, ಗುರು ನಿವೃತ್ತರಾಗಿ ಆ ಸ್ಥಾನಕ್ಕೆ ಇವನೇ ಆಯ್ಕೆ ಆದಾಗ ನಾನು ಅದಕ್ಕೆ ಯೋಗ್ಯ ಅಲ್ಲ ಅಂತ ಖಿನ್ನತೆಗೆ ಬಿದ್ದು ಕೆಲವು ವರ್ಷ ಏನೂ ಮಾಡೋಕಾಗದ ಸ್ಥಿತಿಗೆ ಹೋದ. ಅದಕ್ಕೆ ಫ್ರಾಯ್ಡ್ ಕೊಡೋ ಕಾರಣಗಳನ್ನ ನಾನು ಪೂರ್ತಿ ಒಪ್ಪಲ್ಲ, ಆದ್ರೆ ಅವನು ಕಂಡಿದ್ದು ನಿಜ. ಅಬ್ರಹಾಂ ಮ್ಯಾಸ್ಲೋ ಅನ್ನೋ ಮನಶ್ಶಾಸ್ತ್ರಜ್ಞ ಇದಕ್ಕೆ ಜೋನಾ ಕಾಂಪ್ಲೆಕ್ಸ್ ಅಂತ ಹೆಸರಿಟ್ಟ, ಬೈಬಲ್ಲಿನಲ್ಲಿ ದೇವರು ಕೆಲಸಕ್ಕೆ ಕರೆದಾಗ ಹಡಗು ಹತ್ತಿ ಬೇರೆ ದಿಕ್ಕಿಗೆ ಓಡಿಹೋದ ಜೋನಾನ ನೆನಪಲ್ಲಿ. ಮ್ಯಾಸ್ಲೋ ತನ್ನ ಕ್ಲಾಸಲ್ಲಿ ಕೇಳ್ತಿದ್ನಂತೆ, ನಿಮ್ಮಲ್ಲಿ ಯಾರು ದೊಡ್ಡ ಕಾದಂಬರಿ ಬರೀತೀರಿ, ಯಾರು ದೊಡ್ಡ ನಾಯಕರಾಗ್ತೀರಿ ಅಂತ. ಎಲ್ರೂ ಕಿಸಿಕಿಸಿ ನಗ್ತಾ, ನಾಚ್ಕೊಳ್ತಾ ಮುಖ ತಗ್ಗಿಸ್ತಿದ್ರು. ಆಗ ಅವನು ಕೇಳೋನು, ನೀವಲ್ಲದಿದ್ರೆ ಇನ್ಯಾರು?

ನಾನಿಲ್ಲಿ ನಮ್ಮಕ್ಕನ ವಿಷಯ ಹೇಳ್ಬೇಕು. ನಂಗೆ ಲೆಕ್ಕ ಹೇಳ್ಕೊಟ್ಟಿದ್ದೇ ಅವಳು. ನನಗಿಂತ ಚುರುಕು, ಆದ್ರೆ ಮನೆ ಪರಿಸ್ಥಿತಿಯಿಂದ ಅವಳ ಓದು ಅರ್ಧಕ್ಕೆ ನಿಂತೋಯ್ತು, ನಂದು ಮುಂದುವರೀತು. ಒಂದು ವರ್ಷ ನಂಗೆ ತುಂಬ ಒಳ್ಳೇ ರಿಸಲ್ಟ್ ಬಂತು. ನಾನು ಅವಳಿಗೆ ಮಾರ್ಕ್ಸ್ ಕಮ್ಮಿ ಹೇಳಿದೆ. ಅಷ್ಟೇ ಆಗಿದ್ರೆ ಪರವಾಗಿರ್ಲಿಲ್ಲ, ಮುಂದಿನ ವರ್ಷದಿಂದ ನಿಜವಾಗ್ಲೂ ಕಮ್ಮಿ ಓದೋಕೆ ಶುರು ಮಾಡಿದೆ, ಬೇಕಂತಲ್ಲ, ಪುಸ್ತಕ ಹಿಡಿದ್ರೆ ಏನೋ ಒಂಥರ ತಪ್ಪು ಮಾಡ್ತಿದೀನಿ ಅನ್ನಿಸೋದು, ಎದ್ದು ಬಿಡ್ತಿದ್ದೆ. ಎರಡು ವರ್ಷದ ಮೇಲೆ ಹಳೇ ಮಾರ್ಕ್ಸ್ ಕಾರ್ಡ್ ಅವಳ ಕೈಗೆ ಸಿಕ್ತು. ಬೈಯಲಿಲ್ಲ. “ನಂಗೋಸ್ಕರ ಅಂತ ನೀನು ಕಮ್ಮಿ ಮಾಡ್ಕೋಬೇಡ ಕಣೇ, ಅದರಿಂದ ನಂಗೇನೂ ಜಾಸ್ತಿ ಆಗಲ್ಲ” ಅಂದ್ಲು. ಅಷ್ಟು ಹೇಳಿ ಒಳಗೆ ಹೋದ್ಲು.

ಇದನ್ನ ಹೇಳ್ತಿರೋದು ಯಾಕಂದ್ರೆ ಈ ಥರ ಹಿಂಜರಿಯೋರಿಗೆ ಆತ್ಮವಿಶ್ವಾಸ ಬೆಳೆಸ್ಕೊಳ್ಳಿ, ಧೈರ್ಯ ಮಾಡಿ ಅಂತ ಹೇಳಿದ್ರೆ ಏನೂ ಉಪಯೋಗ ಇಲ್ಲ. ಅವರಿಗೆ ಧೈರ್ಯ ಕಮ್ಮಿ ಇಲ್ಲ, ಪ್ರೀತಿ ಜಾಸ್ತಿ ಇದೆ. ನಾನು ಮೇಲೆ ಹೋದ್ರೆ ನಮ್ಮವರು ಕೆಳಗೆ ಉಳೀತಾರೆ, ಮಾತು ಬೇರೆ ಆಗತ್ತೆ, ಅವರು ಕೂತಿರೋ ಕಡೆ ನಾನು ಮೊದಲಿನ ಥರ ಹೋಗಿ ಕೂರೋಕಾಗಲ್ಲ ಅನ್ನೋ ಸಂಕಟ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಮಾತು ಖರ್ಚಿನ ವಿಷಯಕ್ಕೆ ಸರಿ, ಆದ್ರೆ ಮನೆಯವರೆಲ್ಲರ ಹಾಸಿಗೆ ಅಳತೆ ತಗೊಂಡು ಅದರಲ್ಲಿ ಎಲ್ಲಕ್ಕಿಂತ ಗಿಡ್ಡದು ಯಾವುದೋ ಅಷ್ಟಕ್ಕೆ ಕಾಲು ಮಡಚ್ಕೊಂಡು ಮಲಗೋರು ಇದ್ದಾರೆ. ಅಂಥವರು ಒಂದ್ಸಲ, ಯಾರಿಗೋಸ್ಕರ ಮಡಚ್ಕೊಂಡಿದಾರೋ ಅವರ ಹತ್ರಾನೇ ಕೂತು ಕೇಳ್ಬೇಕು. ಬಹಳ ಸಲ ಅವರಿಗೆ ಅದು ಬೇಕಾಗೇ ಇರಲ್ಲ.

ಆದ್ರೆ ಎಲ್ಲ ಭಯಾನೂ ತಲೆಯೊಳಗಿಂದು ಅನ್ನೋಕೆ ಹೋಗ್ಬಾರದು, ಇದನ್ನ ಸ್ವಲ್ಪ ಒತ್ತಿ ಹೇಳ್ತೀನಿ. ಮಟೀನಾ ಹಾರ್ನರ್ ಅಂತ ಒಬ್ಬ ಸಂಶೋಧಕಿ, 1968ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುವಾಗ ವಿದ್ಯಾರ್ಥಿಗಳಿಗೆ ಒಂದು ಸಾಲು ಕೊಟ್ಟು ಕಥೆ ಮುಂದುವರಿಸಿ ಅಂದ್ರು. ಆನ್ ಅನ್ನೋ ಹುಡುಗಿ ಮೆಡಿಕಲ್ ಕ್ಲಾಸಿಗೇ ಫಸ್ಟ್ ಬಂದಿದಾಳೆ, ಇದು ಹುಡುಗೀರಿಗೆ ಕೊಟ್ಟ ಸಾಲು. ಹುಡುಗರಿಗೆ ಅದೇ ಸಾಲು, ಆನ್ ಬದಲು ಜಾನ್. ಸುಮಾರು 65% ಹುಡುಗೀರು ಬರೆದ ಕಥೇಲಿ ಆನ್‌ಗೆ ಏನಾದ್ರೂ ಕೆಟ್ಟದ್ದೇ ಆಯ್ತು, ಸ್ನೇಹಿತರು ದೂರ ಆದ್ರು, ಮದುವೆ ಆಗ್ಲಿಲ್ಲ, ಅವಳೇ ಬೇಕಂತ ಹಿಂದೆ ಬಿದ್ಲು, ಹೀಗೆ. ಹುಡುಗರಲ್ಲಿ ಜಾನ್‌ಗೆ ಕೆಟ್ಟದ್ದು ಬರೆದವರು 10% ಕೂಡ ಇಲ್ಲ. ಹೆಂಗಸರಿಗೆ ಗೆಲುವಿನ ಭಯ ಇದೆ ಅಂತ ಎಲ್ಲ ಕಡೆ ಸುದ್ದಿ ಆಯ್ತು. ಆಮೇಲೆ ಬೇರೆಯವರು ಒಂದು ಸಣ್ಣ ಬದಲಾವಣೆ ಮಾಡಿ ನೋಡಿದ್ರು, ಆನ್ ಕಥೇನ ಹುಡುಗರ ಕೈಲೂ ಬರೆಸಿದ್ರು. ಅವರೂ ಅವಳಿಗೆ ಕೆಟ್ಟದ್ದೇ ಬರೆದ್ರು! ಅಂದ್ರೆ ಆ ಹುಡುಗೀರ ಮನಸ್ಸಲ್ಲಿ ಏನೋ ಕೊರತೆ ಇತ್ತು ಅಂತಲ್ಲ, ಮುಂದೆ ಹೋದ ಹೆಣ್ಣಿಗೆ ಜನ ಏನು ಮಾಡ್ತಾರೆ ಅನ್ನೋದು ಆ ಕಾಲದ ಗಂಡು ಹೆಣ್ಣು ಎಲ್ರಿಗೂ ಗೊತ್ತಿತ್ತು, ಗೊತ್ತಿದ್ದನ್ನ ಬರೆದ್ರು.

ಹಾಗಾಗಿ ಯಾರಾದ್ರೂ ಹಿಂಜರೀತಿದಾರೆ ಅಂದ ತಕ್ಷಣ ನಿನ್ನ ಮನಸ್ಥಿತಿ ಸರಿ ಮಾಡ್ಕೋ ಅಂತ ಭಾಷಣ ಬಿಗಿಯೋರನ್ನ ಕಂಡ್ರೆ ನಂಗೆ ಕೋಪ ಬರತ್ತೆ. ಮೀಟಿಂಗಲ್ಲಿ ಬಾಯಿ ತೆಗೆದಾಗೆಲ್ಲ ಮೂತಿಗೆ ಹೊಡೆಸ್ಕೊಂಡವಳು ಸುಮ್ನಿದ್ರೆ ಅದು ಹಿಂಜರಿಕೆ ಅಲ್ಲ, ಅನುಭವ. ಅಲ್ಲಿ ಬದಲಾಗ್ಬೇಕಾಗಿರೋದು ಆ ಮೀಟಿಂಗು. ಹಣ ಇಲ್ಲದೆ, ಆರೋಗ್ಯ ಇಲ್ಲದೆ, ಮನೇಲಿ ನೋಡ್ಕೊಳ್ಳೋಕೆ ಬೇರೆ ಯಾರೂ ಇಲ್ಲದೆ ನಿಂತವರಿಗೂ ಇದೇ ಮಾತು. ನಾನು ಮಾತಾಡ್ತಿರೋದು ಬಾಗಿಲು ತೆರೆದಿದ್ದೂ ಒಳಗೆ ಕಾಲಿಡದೆ ನಿಂತ ಆ ಇನ್ನೊಂದು ಸಂದರ್ಭದ ಬಗ್ಗೆ.

ಇನ್ನೂ ಒಂದಿದೆ. ಕೆಲವರಿಗೆ ನಿಜವಾಗ್ಲೂ ಬೇಡ. ದೊಡ್ಡ ಹುದ್ದೆ ಬೇಡ, ಹೆಸರು ಬೇಡ, ಇರೋದ್ರಲ್ಲಿ ನೆಮ್ಮದಿ, ಅದನ್ನ ಭಯ ಅಂತ ಕರೆಯೋಕೆ ನಾವ್ಯಾರು. ಆದ್ರೆ ಬೇಡ ಅನ್ನೋದಕ್ಕೂ ಭಯಕ್ಕೂ ವ್ಯತ್ಯಾಸ ಹೇಗೆ ತಿಳಿಯೋದು? ನಾನು ಕಂಡ್ಕೊಂಡಿರೋ ದಾರಿ ಒಂದೇ, ಅದೇ ವಸ್ತು ಪಕ್ಕದವರಿಗೆ ಸಿಕ್ಕಾಗ ನಿಮಗೇನಾಗತ್ತೆ ನೋಡ್ಕೊಳ್ಳಿ. ಒಳ್ಳೇದಾಯ್ತು ಅಂತ ಅನ್ನಿಸಿ ಊಟ ಮಾಡಿ ಮಲಗಿದ್ರೆ ನಿಮಗದು ಬೇಡ. ಎಲ್ಲೋ ಒಂದು ಕಡೆ ಚುಚ್ಚಿದ್ರೆ, ಅವರಲ್ಲಿ ತಪ್ಪು ಹುಡುಕೋಕೆ ಶುರು ಮಾಡಿದ್ರೆ, ಬೇಕಾಗಿತ್ತು. ಹೊಟ್ಟೆಕಿಚ್ಚನ್ನ ನಾವು ಸುಮ್ನೆ ಬೈದು ಮುಚ್ಚಿಡ್ತೀವಿ, ಅದು ನಮಗೇನು ಬೇಕು ಅಂತ ಹೇಳೋವಷ್ಟು ನಿಜಾನ ಬೇರೆ ಯಾವುದೂ ಹೇಳಲ್ಲ.

ಈಗ ಒಬ್ಬ ದೊಡ್ಡ ಮನುಷ್ಯನ ಕಥೆ ಹೇಳ್ತೀನಿ, ಯಾಕಂದ್ರೆ ಹಿಂಜರಿಕೆ ಅನ್ನೋದು ಸಾಮರ್ಥ್ಯ ಇಲ್ಲದವರ ಸಮಸ್ಯೆ ಅಂತ ಯಾರಾದ್ರೂ ಅಂದ್ಕೊಂಡಿದ್ರೆ ಅದು ಹೋಗ್ಲಿ. ಗೌಸ್, ಗಣಿತದಲ್ಲಿ ಅವನ ಮೇಲೆ ಇನ್ನೊಂದು ಹೆಸರು ಹೇಳೋದು ಕಷ್ಟ. ಯೂಕ್ಲಿಡ್‌ನ ಕಾಲದಿಂದ ಎರಡು ಸಾವಿರ ವರ್ಷ ಜನ ನಂಬಿಕೊಂಡು ಬಂದಿದ್ದ ರೇಖಾಗಣಿತ ಒಂದೇ ಅಲ್ಲ, ಬೇರೆ ರೇಖಾಗಣಿತಾನೂ ಸಾಧ್ಯ ಅನ್ನೋದು ಅವನಿಗೆ ಹೊಳೆದಿತ್ತು. ಪ್ರಕಟ ಮಾಡ್ಲಿಲ್ಲ. 1829ರಲ್ಲಿ ಬೆಸೆಲ್ ಅನ್ನೋ ಖಗೋಳ ವಿಜ್ಞಾನಿಗೆ ಬರೆದ ಪತ್ರದಲ್ಲಿ, ನಾನು ಇದನ್ನ ಪೂರ್ತಿ ಹೇಳಿದ್ರೆ ತಿಳಿಯದವರ ಗದ್ದಲ ಏಳತ್ತೆ ಅಂತ ಭಯ ಅನ್ನೋ ಅರ್ಥದಲ್ಲಿ ಬರೆದಿದಾನೆ. ಯೋಚನೆ ಮಾಡಿ, ಗೌಸ್‌ಗೆ ಆಗ ಐವತ್ತು ದಾಟಿದೆ, ಯುರೋಪಿನಲ್ಲೆಲ್ಲ ಅವನ ಮಾತಿಗೆ ಎದುರಿಲ್ಲ. ಕಮ್ಮಿ ಇರಲಿ, ಆದ್ರೆ ಮಾಗಿರಲಿ ಅನ್ನೋದು ಅವನ ಮುದ್ರೆ ಮೇಲಿದ್ದ ಮಾತು, ಆ ಮಾಗಲಿ ಅನ್ನೋದ್ರಲ್ಲಿ ಎಷ್ಟು ಶಿಸ್ತೋ ಎಷ್ಟು ಭಯವೋ, ಬಹುಶಃ ಎರಡೂ ಇತ್ತು.

ಮುಂದೆ ಆಗಿದ್ದನ್ನ ಓದಿದಾಗ ನಂಗೆ ಬೇಜಾರಾಗಿ ಪುಸ್ತಕ ಮುಚ್ಚಿಟ್ಟಿದ್ದೆ. ಗೌಸ್‌ನ ಹಳೇ ಗೆಳೆಯ ಫರ್ಕಶ್ ಬೊಯಾಯ್ ಅಂತ, ಅವನ ಮಗ ಯಾನೋಶ್ ಬೊಯಾಯ್, ಚಿಕ್ಕ ವಯಸ್ಸಿನ ಸೇನಾ ಅಧಿಕಾರಿ, ಅದೇ ವಿಚಾರಾನ ತಾನೇ ಸ್ವತಂತ್ರವಾಗಿ ಕಂಡುಹಿಡಿದು ಬರೆದ. 1832ರಲ್ಲಿ ಅದು ಅಪ್ಪನ ಪುಸ್ತಕಕ್ಕೆ ಅನುಬಂಧವಾಗಿ ಬಂತು. ಅಪ್ಪ ಹೆಮ್ಮೆಯಿಂದ ಗೌಸ್‌ಗೆ ಕಳಿಸಿದ್ರೆ, ಇದನ್ನ ಹೊಗಳಿದ್ರೆ ನನ್ನನ್ನೇ ನಾನು ಹೊಗಳ್ಕೊಂಡ ಹಾಗಾಗತ್ತೆ, ಇದೆಲ್ಲ ನನ್ನ ತಲೇಲಿ ಮೂವತ್ತು ಮೂವತ್ತೈದು ವರ್ಷದಿಂದ ಇದೆ ಅನ್ನೋ ಅರ್ಥದ ಉತ್ತರ ಬಂತು. ಆ ಹುಡುಗ ಒಡೆದುಹೋದ. ಆಮೇಲೆ 1860ರಲ್ಲಿ ಸಾಯೋವರೆಗೂ ಗಣಿತದಲ್ಲಿ ಮತ್ತೇನನ್ನೂ ಪ್ರಕಟ ಮಾಡಲೇ ಇಲ್ಲ, ಸಾವಿರಾರು ಪುಟದ ಹಸ್ತಪ್ರತಿ ಬಿಟ್ಟು ಹೋದ. ಹೇಳದೇ ಇಟ್ಕೊಂಡ ಒಬ್ಬನಿಂದ ಇನ್ನೊಬ್ಬನೂ ಬರೆದಿದ್ದನ್ನೆಲ್ಲ ಮುಚ್ಚಿಟ್ಟ. ಅತ್ತ ರಷ್ಯಾದಲ್ಲಿ ಲೊಬಚೆವ್‌ಸ್ಕಿ ಅನ್ನೋ ಗಣಿತಜ್ಞ ಅಷ್ಟು ಹೊತ್ತಿಗೆ ಇದೇ ವಿಚಾರಾನ ಪ್ರಕಟ ಮಾಡಾಗಿತ್ತು, ಜನ ಬೈದ್ರೂ ಹೇಳ್ತಾನೇ ಹೋದ.

ಸರಿ, ಏನು ಮಾಡೋದು ಅಂತ ಕೇಳ್ತೀರಿ. ನನ್ನ ಹತ್ರ ಹತ್ತು ಸೂತ್ರ ಇಲ್ಲ. ನನಗೆ ಉಪಯೋಗಕ್ಕೆ ಬಂದ ಒಂದೆರಡು ಮಾತ್ರ ಇವೆ.

ಒಂದು, ಬೈಕೊಳ್ಳೋದನ್ನ ನಿಲ್ಸೋದು. ಥೂ ನನ್ನ ಜನ್ಮಕ್ಕಿಷ್ಟು ಅಂತ ಬೈಕೊಂಡ್ರೆ ನಾಳೆಯಿಂದ ಸರಿ ಹೋಗ್ತೀವಿ ಅಂದ್ಕೊಂಡಿರ್ತೀವಿ, ಆಗೋದು ಉಲ್ಟಾ. ಮುಂದೂಡೋ ಚಟದ ಬಗ್ಗೆ ಕೆಲಸ ಮಾಡಿರೋ ಟಿಮೊಥಿ ಪಿಚಿಲ್, ಫ್ಯೂಷಾ ಸಿರ್ವಾ ಇವರೆಲ್ಲ ಹೇಳೋದು, ಇದು ಟೈಮ್ ಮ್ಯಾನೇಜ್‌ಮೆಂಟ್ ತೊಂದರೆ ಅಲ್ಲ, ಆ ಕೆಲಸ ನೆನೆಸ್ಕೊಂಡ್ರೆ ಬರೋ ಕಸಿವಿಸಿಯಿಂದ ತಪ್ಪಿಸ್ಕೊಳ್ಳೋ ದಾರಿ ಅಂತ. ಬೈಕೊಂಡಷ್ಟೂ ಕಸಿವಿಸಿ ಜಾಸ್ತಿ, ತಪ್ಪಿಸ್ಕೊಳ್ಳೋದೂ ಜಾಸ್ತಿ. 2010ರ ಒಂದು ಅಧ್ಯಯನದಲ್ಲಿ ಮೊದಲ ಎಕ್ಸಾಮ್‌ಗೆ ಓದದೆ ಮುಂದೂಡಿದ ವಿದ್ಯಾರ್ಥಿಗಳಲ್ಲಿ, ಆಗಿದ್ದಾಯ್ತು ಅಂತ ತಮ್ಮನ್ನ ತಾವು ಕ್ಷಮಿಸ್ಕೊಂಡವರು ಎರಡನೇ ಎಕ್ಸಾಮ್‌ಗೆ ಮುಂದೂಡಿದ್ದು ಕಮ್ಮಿ.

ಇನ್ನೊಂದು ಸ್ವಲ್ಪ ವಿವರವಾಗಿ ಹೇಳ್ಬೇಕು. 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಮಾಡಿದ ಪ್ರಯೋಗ ಕೇಳಿರ್ತೀರಿ, ಏನು ಮಾಡಿದ್ರೂ ಶಾಕ್ ತಪ್ಪಲ್ಲ ಅಂತ ಆದ ನಾಯಿಗಳು ಆಮೇಲೆ ತಪ್ಪಿಸ್ಕೊಳ್ಳೋ ದಾರಿ ಇದ್ದಾಗಲೂ ಸುಮ್ನೆ ಮಲಗಿಬಿಟ್ವು ಅನ್ನೋದು. ನಾಯಿಗಳು ಅಸಹಾಯಕತೆ ಕಲಿತವು ಅಂತ ಆಗ ಹೇಳಿದ್ರು. ಸುಮಾರು ಐವತ್ತು ವರ್ಷ ಆದ ಮೇಲೆ, 2016ರಲ್ಲಿ, ಅದೇ ಇಬ್ಬರು ನಾವು ಹೇಳಿದ್ದು ತಲೆಕೆಳಗಾಗಿತ್ತು ಅಂತ ಬರೆದ್ರು. ಮೆದುಳಿನ ಅಧ್ಯಯನಗಳಿಂದ ಗೊತ್ತಾಗಿದ್ದೇನಂದ್ರೆ, ದೀರ್ಘಕಾಲದ ಕಷ್ಟಕ್ಕೆ ಸಿಕ್ಕಿದಾಗ ಮುದುಡಿ ಸುಮ್ನಾಗೋದು ಪ್ರಾಣಿಯ ಹುಟ್ಟುಗುಣ, ಅದನ್ನ ಕಲೀಬೇಕಾಗಿಲ್ಲ. ಕಲೀಬೇಕಾಗಿರೋದು ನನ್ನ ಕೈಲಿ ಏನೋ ಇದೆ ಅನ್ನೋದನ್ನ. ತಮ್ಮದೇ ಸಿದ್ಧಾಂತಾನ ಅಷ್ಟು ವರ್ಷದ ಮೇಲೆ ತಿರುಗಿಸಿ ಹಾಕಿದ ಅವರ ಮೇಲೆ ನಂಗೆ ತುಂಬ ಗೌರವ. ನಂಗಿದು ಯಾಕೆ ಮುಖ್ಯ ಆಯ್ತು ಅಂದ್ರೆ, ನನ್ನಲ್ಲೇನೋ ಕೆಟ್ಟಿದೆ, ಅದನ್ನ ಮೊದಲು ರಿಪೇರಿ ಮಾಡಿ ಆಮೇಲೆ ಶುರು ಮಾಡ್ಬೇಕು ಅಂತ ನಾನು ಕಾಯ್ತಿದ್ದೆ. ರಿಪೇರಿ ಮಾಡೋಕೆ ಏನೂ ಇರ್ಲಿಲ್ಲ. ನನ್ನ ಕೈಯಿಂದ ಒಂದು ಸಣ್ಣದು ಆಗಿ, ಅದರಿಂದ ಏನೋ ಒಂದು ಅಲ್ಲಾಡಿದ್ದನ್ನ ಕಣ್ಣಾರೆ ನೋಡ್ಬೇಕಿತ್ತು, ಅಷ್ಟೇ. ಒಂದು ಪ್ಯಾರಾ ಬರೆದು ಒಬ್ರಿಗೆ ತೋರಿಸೋದು. ತೋರಿಸೋದು ಮುಖ್ಯ, ಯಾಕಂದ್ರೆ ಬರೆದಿದ್ದು ಡ್ರಾಯರಲ್ಲಿ ಇರೋವರೆಗೂ ಮನಸ್ಸು ಮಾಡಿದ್ರೆ ಮಾಡ್ತಿದ್ದೆ ಅನ್ನೋ ಆ ವಾಕ್ಯ ಬದುಕಿರತ್ತೆ.

ಪಶ್ಚಾತ್ತಾಪದ ಬಗ್ಗೆ ಥಾಮಸ್ ಗಿಲೊವಿಚ್, ವಿಕ್ಟೋರಿಯಾ ಮೆಡ್ವೆಕ್ 1990ರ ದಶಕದಲ್ಲಿ ಕೆಲಸ ಮಾಡಿದ್ರು. ಹತ್ತಿರದ ದಿನಗಳಲ್ಲಿ ಜನಕ್ಕೆ ಕಾಡೋದು ಮಾಡಿ ಕೆಟ್ಟಿದ್ದು, ದೂರ ಹೋಗಿ ತಿರುಗಿ ನೋಡಿದಾಗ ಕಾಡೋದು ಮಾಡದೇ ಬಿಟ್ಟಿದ್ದು. ಮಾಡಿ ಕೆಟ್ಟಿದ್ದಕ್ಕೆ ಒಂದು ಕೊನೆ ಇರತ್ತೆ, ಮಾಡದೇ ಇದ್ದಿದ್ದಕ್ಕೆ ಕೊನೇನೇ ಇಲ್ಲ, ಹೀಗಾಗ್ತಿತ್ತೇನೋ ಹಾಗಾಗ್ತಿತ್ತೇನೋ ಅಂತ ಪ್ರತಿ ವರ್ಷ ಹೊಸದಾಗಿ ಬೆಳೀತಾನೇ ಇರತ್ತೆ.

ಮಾತು ಇಲ್ಲಿಗೆ ಮುಗೀತು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಎರಡು ಸೇರಿಸ್ತೀನಿ.

ಹಿರಿಯರೊಬ್ರು ಕೇಳಿದ್ರು, ಮೇಡಂ ಇಷ್ಟೆಲ್ಲ ಹೇಳಿದ್ರಿ, ಬರೀ ಸೋಮಾರಿಗಳು ಅಂತಾನೂ ಇರ್ತಾರಲ್ವಾ ಅಂತ. ಇರ್ಬಹುದು ಸರ್. ಆದ್ರೆ ಸೋಮಾರಿಗೆ ಆರಾಮಾಗಿ ನಿದ್ದೆ ಬರತ್ತೆ. ಮೂರು ತಿಂಗಳು ಒಂದು ಸಾಲೂ ಬರೀದೆ, ಆದ್ರೆ ಮೂರು ತಿಂಗಳೂ ನಿದ್ದೆ ಕೆಟ್ಟವರನ್ನ ಸೋಮಾರಿ ಅಂದ್ರೆ ಆ ಪದಕ್ಕೆ ಅರ್ಥ ಇಲ್ಲ.

ಕೊನೇಲಿ ಹಿಂದಿನ ಸಾಲಲ್ಲಿದ್ದ ಒಬ್ಬ ಹುಡುಗಿ ಎದ್ದು ನಿಂತ್ಲು. ಮೇಡಂ, ಪೂರ್ತಿ ಮನಸ್ಸಿಟ್ಟು ಮಾಡಿ, ಆಮೇಲೆ ನಾನು ಸಾಧಾರಣ ಅಂತ ಗೊತ್ತಾಗ್ಬಿಟ್ರೆ? ಈ ಪ್ರಶ್ನೆಗೆ ಸಿಹಿಯಾದ ಉತ್ತರ ಕೊಡೋಕೆ ನಂಗೆ ಮನಸ್ಸು ಬರ್ಲಿಲ್ಲ. ಅದೇ ಸ್ಕಾಲರ್‌ಶಿಪ್‌ಗೆ ನಾನು ಮತ್ತೊಂದ್ಸಲ ಅಪ್ಲಿಕೇಶನ್ ಹಾಕಿದ್ದೆ ಅಂತ ಹೇಳಿದೆ. ಆ ಸಲ ಮೂರು ವಾರ ಕೂತು ಬರೆದೆ, ಇಬ್ಬರಿಗೆ ತೋರಿಸಿ ತಿದ್ದಿದೆ, ನನ್ನ ಕೈಲಿ ಎಷ್ಟಾಗತ್ತೋ ಅಷ್ಟೂ ಹಾಕಿದೆ. ಸಿಗ್ಲಿಲ್ಲ. ಯಾವ ಸಮಾಧಾನಾನೂ ಬರ್ಲಿಲ್ಲ, ಒಂದು ವಾರ ಯಾರ ಹತ್ರಾನೂ ಮಾತಾಡ್ಲಿಲ್ಲ, ಅಷ್ಟು ನೋವಾಯ್ತು. ಆದ್ರೆ ಅವರು ಕಳಿಸಿದ ಉತ್ತರದಲ್ಲಿ ಮೊದಲರ್ಧ ಗಟ್ಟಿ ಇದೆ, ದ್ವಿತೀಯಾರ್ಧದಲ್ಲಿ ನೀವು ಏನು ಮಾಡ್ತೀರಿ ಅನ್ನೋದು ಸ್ಪಷ್ಟ ಇಲ್ಲ ಅಂತ ಎರಡು ಸಾಲಿತ್ತು, ಓದಿ ನೋಡಿದ್ರೆ ನಿಜ. ಮೊದಲನೇ ಸಲ ನಂಗೆ ಇಂಥದ್ದೇನೂ ಗೊತ್ತಾಗಿರ್ಲಿಲ್ಲ, ಯಾಕಂದ್ರೆ ಆ ಅಪ್ಲಿಕೇಶನ್‌ನಲ್ಲಿ ನಾನೇ ಇರ್ಲಿಲ್ಲ. ನಾನು ಸಾಧಾರಣನೋ ಅಲ್ವೋ ಅನ್ನೋದು ಎರಡನೇ ಸಲಾನೂ ಗೊತ್ತಾಗ್ಲಿಲ್ಲ. ದ್ವಿತೀಯಾರ್ಧ ಸರಿಯಿಲ್ಲ ಅನ್ನೋದು ಗೊತ್ತಾಯ್ತು.

ಆಮೇಲೆ ಏನಾಯ್ತು ಮೇಡಂ ಅಂದ್ಲು. ಮೂರನೇ ಸಲ ಬರೀತಿದೀನಿ, ಲಾಸ್ಟ್ ಡೇಟ್ ಮುಂದಿನ ತಿಂಗಳು 20 ಅಂದೆ. ಎಲ್ಲ ಮುಗಿದು ಜನ ಹೊರಟ ಮೇಲೆ ಅವಳು ಹತ್ರ ಬಂದು, ನನ್ನದೂ ಒಂದು ಡ್ರಾಫ್ಟ್ ಇದೆ, ಕಳಿಸ್ಲಾ ಅಂತ ಕೇಳಿದ್ಲು. ಇದನ್ನ ಟೈಪ್ ಮಾಡೋ ಹೊತ್ತಿಗೆ ಬಂದಿದೆ. ಎರಡನೇ ಪುಟ ಅರ್ಧಕ್ಕೆ ನಿಂತಿದೆ, ಹಾಗೇ ಕಳಿಸಿದಾಳೆ.